ಕರಡಿಪಟ್ಟಿ

ಕರಡಿಗೆ ಅವಸರವೆಂಬುದಿಲ್ಲ. ಹೆಣ್ಣು ಕರಡಿ ಕೂಡುವ ಕಾಲಕ್ಕೆ ಕೂಡುತ್ತದೆ, ಆದರೆ ಒಳಗಿನ ಭ್ರೂಣ ಕೂಡಲೇ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವುದಿಲ್ಲ. ಸಾಸಿವೆ ಕಾಳಿಗಿಂತ ಚಿಕ್ಕದಾದ ಆ ಜೀವಕಣಗಳ ಉಂಡೆ ತಿಂಗಳುಗಟ್ಟಲೆ ಬೆಳೆಯದೆ, ಸಾಯದೆ, ಸುಮ್ಮನೆ ತೇಲಿಕೊಂಡಿರುತ್ತದೆ. ತಾಯಿ ಹೊಟ್ಟೆ ತುಂಬ ತಿಂದು, ಮೈಯಲ್ಲಿ ಕೊಬ್ಬು ಕೂಡಿಸಿಕೊಂಡ ಮೇಲಷ್ಟೇ ಅದು ಅಂಟುತ್ತದೆ, ಬೆಳೆಯುತ್ತದೆ. ಮನುಷ್ಯರಿಗೆ ಈ ವಿದ್ಯೆ ಗೊತ್ತಿರಲಿಲ್ಲ. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು.

ನಾನು ಭುವನೇಶ್ವರಿ. ಬಳ್ಳಾರಿಯ ಒಂದು ಸಂತಾನ ಆಸ್ಪತ್ರೆಯಲ್ಲಿ ಭ್ರೂಣತಜ್ಞೆ. ದ್ರವ ಸಾರಜನಕದ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿಟ್ಟ ಭ್ರೂಣಗಳನ್ನು ಕಾಯುವುದು, ಬೇಕಾದಾಗ ಕರಗಿಸಿ ತೆಳ್ಳನೆಯ ನಳಿಕೆಗೆ ತುಂಬಿ ಡಾಕ್ಟರ ಕೈಗೆ ಕೊಡುವುದು ನನ್ನ ಕೆಲಸ. ಈ ಕೆಲಸದಲ್ಲಿ ಕಷ್ಟವಿದ್ದದ್ದು ಭ್ರೂಣದ್ದಲ್ಲ, ಹೊತ್ತಿನದು. ಗರ್ಭಕೋಶ ಭ್ರೂಣವನ್ನು ಒಳಕ್ಕೆ ಬಿಟ್ಟುಕೊಳ್ಳುವುದು ತಿಂಗಳಲ್ಲಿ ಒಂದೆರಡು ದಿನ ಮಾತ್ರ. ಆ ದಿನ ಯಾವುದೆಂದು ಮಾತ್ರೆ, ಸೂಜಿ, ಸ್ಕ್ಯಾನು ಎಲ್ಲ ಸೇರಿ ಹೇಳುತ್ತಿದ್ದದ್ದು ಅಂದಾಜು. ಮುಂಚೆ ಹೋದರೂ ಬಾಗಿಲು ಮುಚ್ಚಿರುತ್ತಿತ್ತು, ತಡವಾಗಿ ಹೋದರೂ ಮುಚ್ಚಿರುತ್ತಿತ್ತು. ರೈಲು ತಪ್ಪಿಸಿಕೊಂಡು ಮಾರನೆಯ ದಿನ ಬಂದ ಹೆಂಗಸರು ನಮ್ಮ ವರಾಂಡದಲ್ಲಿ ಕೂತು ಅತ್ತದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆಮೇಲೆ ಪಟ್ಟಿ ಬಂತು. ಕಂಪನಿಯವರು ಇಟ್ಟ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ದರೋಜಿಯ ಕರಡಿಗಳನ್ನು ನೋಡಿ ಬೆಳೆದ ಊರು ನಮ್ಮದು, ಯಾರೋ ಕರಡಿಪಟ್ಟಿ ಎಂದರು, ಅದೇ ಉಳಿಯಿತು. ತೋಳಿಗೆ ಅಂಟಿಸಿಕೊಳ್ಳುವ, ಎರಡು ಬೆರಳಗಲದ ಪಟ್ಟಿ. ಅದರ ಔಷಧ ರಕ್ತದಲ್ಲಿಳಿದು ಭ್ರೂಣದ ಜೀವಕಣಗಳಿಗೆ, ಗರ್ಭಕೋಶದ ಒಳಪದರಕ್ಕೆ, ‘ಹೊರಗೆ ಬರಗಾಲವಿದೆ, ಸುಮ್ಮನಿರಿ’ ಎಂದು ಸುಳ್ಳು ಹೇಳುತ್ತದೆ. ಎರಡೂ ನಂಬಿ ಸುಮ್ಮನಾಗುತ್ತವೆ. ಪಟ್ಟಿ ಕಿತ್ತರೆ ಸುಳ್ಳು ನಿಲ್ಲುತ್ತದೆ, ಭ್ರೂಣ ಅಂಟುತ್ತದೆ. ಗರ್ಭಕೋಶದ ಬಾಯಲ್ಲಿ ಕೂರಿಸಿದ ಕೂದಲೆಳೆಯಂಥ ತಂತಿಯೊಂದು ಒಳಗಿನ ಸುದ್ದಿಯನ್ನು ನಮ್ಮ ನಿಗಾ ಕೋಣೆಯ ಗೋಡೆಗೆ ಕಳಿಸುತ್ತಿರುತ್ತದೆ. ಆ ಗೋಡೆಯ ಪರದೆಯ ಮೇಲೆ ಪ್ರತಿಯೊಬ್ಬ ಹೆಂಗಸಿಗೂ ಒಂದು ಚೌಕ, ಚೌಕದಲ್ಲಿ ಮೂರರಲ್ಲಿ ಒಂದು ಮಾತು: ‘ಕಾಯುತ್ತಿದೆ’, ‘ಅಂಟಿದೆ’, ಅಥವಾ ‘ಇಲ್ಲ’.

ಎರಡು ವಾರಕ್ಕಿಂತ ಹೆಚ್ಚು ಹಾಕಬಾರದೆಂದು ಪೊಟ್ಟಣದ ಮೇಲೇ ಅಚ್ಚು ಹಾಕಿದ್ದರು. ನಮ್ಮ ಜನ ಅಚ್ಚು ಓದುವವರೇ? ಕೂಸು ಯಾವ ನಕ್ಷತ್ರದಲ್ಲಿ ಹುಟ್ಟಬೇಕೆಂದು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆಣಿಸಿ ಪಟ್ಟಿ ಕೀಳುವ ದಿನ ಹೇಳಿಕೊಡುವ ಜ್ಯೋತಿಷಿಗಳು ಆಸ್ಪತ್ರೆಯ ಎದುರಿಗೇ ಬೋರ್ಡು ಹಾಕಿದರು. ಪರೀಕ್ಷೆ ಮುಗಿಯಲಿ ಎಂದು ಕಾಯಿಸುವವರು, ನಾದಿನಿಯ ಮದುವೆ ಮುಗಿಯಲಿ ಎಂದು ಕಾಯಿಸುವವರು, ಗಂಡ ದುಬೈಯಿಂದ ಬರಲಿ ಎಂದು ಕಾಯಿಸುವವರು. ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳದೆ ಕೊಡತೊಡಗಿದರು. ‘ಕರಡಿ ಬಿಡೋದು ಯಾವಾಗ?’ ಎಂದು ಹೆಂಗಸರು ನಲ್ಲಿಯ ಹತ್ತಿರ ಒಬ್ಬರನ್ನೊಬ್ಬರು ಚುಡಾಯಿಸುವುದು ಮಾಮೂಲಾಯಿತು.

ನನ್ನ ತಂಗಿ ಪಂಪಾವತಿಯ ಹೊಟ್ಟೆಗೆ ಭ್ರೂಣ ಬಿಟ್ಟದ್ದು ಅಂಥ ದಿನಗಳಲ್ಲಿ. ಅದು ಅವಳ ಕೊನೆಯದು. ಮೊದಲ ಮೂರೂ ಹೊತ್ತು ತಪ್ಪಿ ಹೋಗಿದ್ದವು. ಮತ್ತೆ ಅಂಡ ತೆಗೆಯೋಣವೆಂದರೆ ಅವಳ ಅಂಡಾಶಯದಲ್ಲಿ ಏನೂ ಉಳಿದಿರಲಿಲ್ಲ. ಡಬ್ಬಿಯಿಂದ ತೆಗೆದು ಕರಗಿಸಿದವಳು ನಾನೇ. ಸೂಕ್ಷ್ಮದರ್ಶಕದ ಕೆಳಗೆ ಮೊದಲು ಮುದುಡಿಕೊಂಡಿತ್ತು, ನೋಡುತ್ತ ನೋಡುತ್ತ ತುಂಬಿಕೊಂಡು ದುಂಡಗಾಯಿತು. ಇಷ್ಟು ವರ್ಷದಲ್ಲಿ ಸಾವಿರಾರು ನೋಡಿದವಳು ಅವತ್ತು ನಳಿಕೆಗೆ ತುಂಬುವ ಮೊದಲು ಅದನ್ನು ಮೂರು ಸಲ ನೋಡಿದೆ.

“ನಾಲ್ಕು ದಿನ ಪಟ್ಟಿ ಇರಲಿ, ಒಳಪದರ ಚೆನ್ನಾಗಿ ತಯಾರಾಗಲಿ. ಐದನೇ ದಿನ ಕೀಳೋಣ,” ಎಂದರು ಡಾಕ್ಟರ್ ಫರ್ಹಾನಾ. ಅವರು ಹೆಚ್ಚು ಮಾತಾಡುವವರಲ್ಲ. ಪಂಪಾಳ ಕೆನ್ನೆ ತಟ್ಟಿ, “ಈ ಸಲ ಹೊತ್ತು ನಮ್ಮ ಕೈಯಾಗೈತಿ, ಹೆದರಬ್ಯಾಡ,” ಎಂದು ಹೇಳಿ ಹೋದರು.

ನಾಲ್ಕನೇ ದಿನ ಗುಂತಕಲ್ಲಿನಲ್ಲಿ ಒಬ್ಬ ಸತ್ತ.

ಪಂಪಾಳ ಗಂಡನ ಮನೆಯವರದು ಜೀನ್ಸ್ ಹೊಲಿಯುವ ಕಸುಬು. ಕೌಲ್‌ಬಜಾರಿನ ಮನೆಯಲ್ಲಿ ಕೆಳಗೆ ಮಿಷನ್ನುಗಳು, ಮೇಲೆ ಸಂಸಾರ. ದಾಯಾದಿಗಳೆಲ್ಲ ಅದೇ ಕಸುಬಿನವರು. ಒಬ್ಬ ಬಟ್ಟೆ ಕತ್ತರಿಸಿದರೆ ಒಬ್ಬ ಒಗೆಸುತ್ತಾನೆ, ಒಬ್ಬ ಗುಂಡಿ ಹಾಕಿಸುತ್ತಾನೆ. ಗುಂತಕಲ್, ಆದೋನಿ, ಗಂಗಾವತಿಯವರೆಗೂ ಹಬ್ಬಿದ ವಂಶ. ಸತ್ತವನು ಗಂಡನ ದೊಡ್ಡಜ್ಜನ ಮೊಮ್ಮಗ, ಪಂಪಾ ಅವನ ಮುಖವನ್ನೂ ಕಂಡವಳಲ್ಲ. ಆದರೂ ಏಳು ತಲೆಮಾರಿನೊಳಗಿನವನು. ಹತ್ತು ದಿನ ಸೂತಕ.

ನಾನು ಹೋದಾಗ ಪಂಪಾಳ ಅತ್ತೆ ಹುಲಿಗೆಮ್ಮ ದೇವರ ಗೂಡಿಗೆ ಪರದೆ ಎಳೆದು, ನೆಲದ ಮೇಲೆ ಕೂತಿದ್ದರು. ಮಗ ರಾಮಾಂಜನಿ, ಪಂಪಾಳ ಗಂಡ, ಬಾಗಿಲಿಗೊರಗಿ ನಿಂತಿದ್ದ.

“ಹತ್ತು ದಿನ ಮನ್ಯಾಗ ಏನೂ ಮಾಡಂಗಿಲ್ಲ, ಭುವನಮ್ಮ,” ಎಂದರು ಹುಲಿಗೆಮ್ಮ. “ಪಟ್ಟಿ ಆಮ್ಯಾಲೆ ಕೀಳೂನು.”

“ಅತ್ತೆಮ್ಮ, ಇದು ಮದುವಿ ಅಲ್ಲ, ಗೃಹಪ್ರವೇಶ ಅಲ್ಲ. ತೋಳಿಂದ ಒಂದು ಪಟ್ಟಿ ಕೀಳೋದು.”

“ಕಿತ್ರ ಏನಾಗ್ತತಿ? ಕೂಸು ಹೊಟ್ಯಾಗ ನಿಲ್ತತಿ. ಅದಕ್ಕಿಂತ ದೊಡ್ಡ ಶುಭ ಏನೈತಿ, ನೀನ ಹೇಳು.”

“ಅದು ಆಗ್ಲೇ ಒಳಗೈತಲ್ಲ.”

“ಒಳಗೈತಿ ಅಂದ್ರ ಅದಕ್ಕೂ ಸೂತಕ ಐತಿ. ಅದೂ ನಮ್ಮ ಮನಿದ ಅಲ್ಲೇನು?”

ಭ್ರೂಣಕ್ಕೆ ಸೂತಕವುಂಟೇ ಎಂಬುದು ನಮ್ಮ ಯಾವ ಪಾಠದಲ್ಲೂ ಬಂದಿರಲಿಲ್ಲ. ಸಿಟ್ಟಿನಲ್ಲಿ ಅವರ ಪುರೋಹಿತರಿಗೇ ಫೋನು ಮಾಡಿಸಿದೆ. ಆ ಪುಣ್ಯಾತ್ಮರು ನಮ್ಮ ಕಡೆಗೇ ನಿಂತರು. “ಔಷಧಕ್ಕೆ ಸೂತಕ ಇಲ್ರಮ್ಮ. ಜ್ವರ ಬಂದ್ರ ಗುಳಿಗಿ ನುಂಗಂಗಿಲ್ಲೇನು? ಕಿತ್ತು ಒಗೀರಿ,” ಎಂದರು. ಹುಲಿಗೆಮ್ಮ ಫೋನು ಕೆಳಗಿಟ್ಟು, “ಅವರಿಗೇನು ಹೋಗೋದೈತಿ,” ಎಂದರು. ಅಷ್ಟೆ.

ನಾನು ಎದ್ದು ಹೊರಡುವಷ್ಟರಲ್ಲಿ ಅವರು ನನ್ನ ಸೆರಗು ಹಿಡಿದರು. ಮುದುಕಿಯ ಕಣ್ಣು ತುಂಬಿತ್ತು.

“ರಾಮಾಂಜನಿಗಿಂತ ಮೊದ್ಲು ನನಗೊಂದು ಆಗಿತ್ತವ್ವ. ಅವತ್ತು ಮನ್ಯಾಗ ಹೆಣ ಇತ್ತು, ನಮ್ಮ ಮಾವಂದು. ಮುಂದಿನ ಪಡಸಾಲ್ಯಾಗ ಎಲ್ಲಾರೂ ಅಳಾಕತ್ತಿದ್ರು, ಹಿಂದಿನ ಕ್ವಾಣ್ಯಾಗ ನಾ ಒಬ್ಬಾಕಿ ಬ್ಯಾನಿ ತಿನ್ನಾಕತ್ತಿದ್ದೆ. ಅಷ್ಟು ಅಳೋರೊಳಗ ನನ್ನ ಕೂಗು ಯಾರಿಗೂ ಕೇಳ್ಲಿಲ್ಲ. ಕೂಸು ನೆಲಕ್ಕ ಬಿತ್ತು. ಯಾರರ ಬರೋದ್ರಾಗ ತಣ್ಣಗಾಗಿತ್ತು. ನನ್ನ ಸೊಸಿಗೆ ಸಾವಿನ ನೆಳ್ಳಾಗ ಕೂಸು ನಿಲ್ಲೋದು ಬ್ಯಾಡ.”

ನನಗೆ ಅವರ ಮೇಲಿದ್ದ ಸಿಟ್ಟು ಇಳಿದುಹೋಯಿತು. ಹತ್ತು ದಿನ ಸೇರಿಸಿದರೂ ಎರಡು ವಾರ ದಾಟುವುದಿಲ್ಲ ಎಂದು ಡಾಕ್ಟರೂ ಒಪ್ಪಿದರು. ಪಂಪಾ ಮೂಲೆಯಲ್ಲಿ ಕೂತು ತೋಳಿನ ಪಟ್ಟಿಯನ್ನು ಸವರಿಕೊಳ್ಳುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಸೂತಕದ ಒಂಬತ್ತನೇ ದಿನ ಆದೋನಿಯ ಒಬ್ಬ ಚಿಕ್ಕಜ್ಜ ಸತ್ತ. ಅಷ್ಟು ದೊಡ್ಡ ವಂಶದಲ್ಲಿ ಯಾರಾದರೊಬ್ಬರು ಸಾಯುತ್ತಲೇ ಇರುತ್ತಾರೆಂಬುದು ಮೊದಲೇ ನಮ್ಮ ತಲೆಗೆ ಹೊಳೆಯಬೇಕಿತ್ತು. ಅವನ ಸೂತಕವೂ ಸೇರಿ ಎರಡು ವಾರದ ಮಿತಿ ದಾಟಿತು, ಅದು ಮುಗಿಯುವಷ್ಟರಲ್ಲಿ ಆಷಾಢ ಹಿಡಿಯಿತು.

ಆ ವಾರವೇ ನಿಗಾ ಕೋಣೆಗೆ ಬರಹೇಳಿದರು ಡಾಕ್ಟರ್ ಫರ್ಹಾನಾ. ಗೋಡೆಯ ಮೇಲೆ ಒಂದು ಮೂಲೆಯ ಚೌಕಗಳನ್ನು ತೋರಿಸಿದರು. ಎಲ್ಲವೂ ಮಿತಿ ಮೀರಿ ಪಟ್ಟಿ ಹಾಕಿಕೊಂಡವರವು.

“ಇವ್ರೆಲ್ಲ ಪಟ್ಟಿ ಕಿತ್ತು ವಾರದ ಮ್ಯಾಲಾತು, ಭುವನಾ. ಓದು.”

ಎಲ್ಲದರಲ್ಲೂ ‘ಕಾಯುತ್ತಿದೆ’ ಎಂದೇ ಇತ್ತು.

“ಪಟ್ಟಿ ಹೇಳೋ ಸುಳ್ಳನ್ನ ಈಗ ದೇಹ ತಾನ ಹೇಳ್ಕೊಳ್ಳಾಕ ಕಲ್ತೈತಿ,” ಎಂದರು ಅವರು. “ಔಷಧ ನಿಂತರೂ ಬರಗಾಲ ನಿಂತಿಲ್ಲ. ಬ್ಯಾರೆ ಊರಿಂದನೂ ಇದ ಸುದ್ದಿ ಬರಾಕತ್ತೈತಿ. ನಿನ್ನ ತಂಗಿದು ಇವತ್ತ ಕೀಳಸು. ನಾಳಿ ಅನ್ನಬ್ಯಾಡ.”

ಆಟೋ ಹಿಡಿದು ಹೋದೆ. ಮಿಷನ್ನುಗಳ ಸದ್ದಿನ ನಡುವೆಯೇ ರಾಮಾಂಜನಿಗೆ ವಿಷಯ ಹೇಳಿದೆ. ಅವನು ಕೈಯಲ್ಲಿದ್ದ ಪ್ಯಾಂಟನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಒಳ್ಳೆಯ ಮನುಷ್ಯ, ಆದರೆ ಅವನ ಬೆನ್ನೆಲುಬು ಅವ್ವನ ಹತ್ತಿರ ಒತ್ತೆಯಿತ್ತು. ಹುಲಿಗೆಮ್ಮ, “ಆಷಾಢದಾಗ ಹೊಸ ಸೊಸಿನ ಸೈತ ಮನ್ಯಾಗ ಇಟ್ಕೊಳ್ಳಂಗಿಲ್ಲ, ಕೂಸನ್ನ ಹೆಂಗ ಕರ್ಕೊಳ್ಳೋದು?” ಎಂದರು. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಕೆಳಗೆ ಹೊಲಿಯುವವರೆಲ್ಲ ಕಾಲು ನಿಲ್ಲಿಸಿ ಕೇಳಿದರು.

ಕೊನೆಗೆ ಪಂಪಾಳನ್ನು ಒಳಗೆ ಕರೆದುಕೊಂಡು ಹೋಗಿ ರವಿಕೆಯ ತೋಳು ಮೇಲಕ್ಕೆತ್ತಿದೆ. ನಾನೇ ಕಿತ್ತುಬಿಡುವವಳಿದ್ದೆ. ಅವಳು ಪಟ್ಟಿಯ ಮೇಲೆ ಅಂಗೈ ಮುಚ್ಚಿ ಹಿಡಿದಳು.

“ಬ್ಯಾಡ ಅಕ್ಕ. ಇವತ್ತು ಕಿತ್ತು, ನಾಳಿ ಏನರ ಆದ್ರ, ಆಷಾಢದಾಗ ಕಿತ್ಲು, ಅದಕ್ಕ ಹೋತು ಅಂತಾರ. ಮೂರು ಸಲ ತಪ್ಪು ನನ್ನ ಮ್ಯಾಲ ಹಾಕ್ಯಾರ. ನಾಕನೇದಕ್ಕ ನನ್ನ ಕಡೆ ತಾಕತ್ತಿಲ್ಲ.”

“ಹೊತ್ತು ಮೀರಿದ್ರ ಅದು ಅಂಟಂಗಿಲ್ಲ ಪಂಪಾ.”

“ಈಗ ಐತಲ್ಲ? ನೀ ಗ್ವಾಡಿ ಮ್ಯಾಲೆ ನೋಡಿ ಬಂದೀಯಲ್ಲ, ಐತಲ್ಲ?”

“ಐತಿ.”

“ಮತ್ತ ಇರಲಿ ಬಿಡು.”

ಶ್ರಾವಣದ ಮೊದಲ ಶುಕ್ರವಾರ ಪಟ್ಟಿ ಕಿತ್ತರು. ಹಸೆಮಣೆ ಹಾಕಿ, ಐದು ಜನ ಮುತ್ತೈದೆಯರು ಆರತಿ ಎತ್ತಿ, ಹೋಳಿಗೆ ಊಟ. ಪಟ್ಟಿಯನ್ನು ಅರಿಷಿಣ ನೀರಿನ ತಟ್ಟೆಯಲ್ಲಿ ಬಿಟ್ಟರು. ಪಟ್ಟಿ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ ಸುಕ್ಕುಗಟ್ಟಿತ್ತು. ನಾನು ಊಟಕ್ಕೆ ಕೂರದೆ ಆಸ್ಪತ್ರೆಗೆ ಹೋಗಿ ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡೆ. ‘ಕಾಯುತ್ತಿದೆ’. ಮರುದಿನವೂ ಕಾಯುತ್ತಿದೆ. ಗಣಪತಿ ಬಂದು ಹೋದ, ದಸರಾ ಬಂದು ಹೋಯಿತು, ಕಾಯುತ್ತಲೇ ಇತ್ತು.

ಅವಳಿಗೆ ಮುಟ್ಟೂ ಇಲ್ಲ, ಬಸಿರೂ ಇಲ್ಲ. ಎದುರು ಮನೆಯ ಬಸುರಿ ಹುಡುಗಿಯ ಕುಬಸಕ್ಕೆ ಹೋದಾಗ ಅವಳನ್ನು ಎಲ್ಲಿ ಕೂರಿಸಬೇಕೆಂದು ಯಾರಿಗೂ ತಿಳಿಯಲಿಲ್ಲವಂತೆ. ಬಸುರಿಯರ ಸಾಲಿನಲ್ಲಿ ಕೂರಿಸಿ ಬಳೆ ತೊಡಿಸುವುದೋ, ಬಂಜೆಯೆಂದು ದೂರ ಇಡುವುದೋ? ಕೊನೆಗೆ ಅಡಿಗೆಮನೆಯಲ್ಲಿ ಕೋಸಂಬರಿ ಕಲಸಲು ಕೂರಿಸಿದರು. ಇದನ್ನು ಅವಳು ನಗುನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಊರಿಗೆ ಅಂಥವರು ಇನ್ನೂರು ಮುನ್ನೂರು ಜನ ಆಗಿದ್ದರು. ಪಟ್ಟಿಯನ್ನು ಸರ್ಕಾರ ನಿಲ್ಲಿಸಿತು, ಕಂಪನಿಯವರು ಪೊಟ್ಟಣದ ಮೇಲಿನ ಅಚ್ಚು ತೋರಿಸಿ ಕೈ ತೊಳೆದುಕೊಂಡರು. ಎದುರಿನ ಜ್ಯೋತಿಷಿಗಳು ಬೋರ್ಡು ಬದಲಾಯಿಸಿ, ಕಾಯುವವರಿಗೆ ಶಾಂತಿ ಮಾಡಿಸತೊಡಗಿದರು.

ಒಂದೂವರೆ ವರ್ಷದ ಮೇಲೆ ಎಬ್ಬಿಸುವ ಸೂಜಿ ಬಂತು. ಒಂದೇ ಚುಚ್ಚು. ದೇಹ ತನಗೆ ತಾನೇ ಹೇಳಿಕೊಳ್ಳುತ್ತಿರುವ ಸುಳ್ಳನ್ನು ಅದು ಒಮ್ಮೆಗೇ ಕತ್ತರಿಸುತ್ತದೆ. ಆಮೇಲೆ ಎರಡೇ ದಾರಿ. ಭ್ರೂಣ ಎದ್ದು ಅಂಟುತ್ತದೆ, ಇಲ್ಲವೇ ಏಳಲಾರದೆ ಸಾಯುತ್ತದೆ. ಹತ್ತರಲ್ಲಿ ನಾಲ್ಕು ಅಂಟುತ್ತಿದ್ದವು. ಕಾದಷ್ಟೂ ಅದು ಮೂರಾಗುತ್ತದೆ, ಎರಡಾಗುತ್ತದೆ ಎಂದು ಡಾಕ್ಟರ್ ಫರ್ಹಾನಾ ಪಂಪಾಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. ಅವಳು ತಲೆಯಾಡಿಸಿದಳು. ಬರುವ ಸೋಮವಾರ ಬರುತ್ತೇನೆಂದಳು.

ಸೋಮವಾರ ಬಂದಳು. ಗೋಡೆಯ ಮುಂದೆ ಹೋಗಿ ನಿಂತು ತನ್ನ ಚೌಕ ನೋಡಿದಳು. ಪಕ್ಕದ ಚೌಕ ಮೋಕಾದ ಒಬ್ಬ ಟೀಚರದು, ಅವಳು ಸೂಜಿ ಹಾಕಿಸಿಕೊಂಡು ಮೂರು ದಿನವಾಗಿತ್ತು. ನಾವು ನೋಡುತ್ತಿದ್ದ ಹಾಗೆಯೇ ಅದರಲ್ಲಿ ‘ಇಲ್ಲ’ ಎಂದು ಬಂತು. ಯಾವ ಸದ್ದೂ ಆಗಲಿಲ್ಲ, ಮಾತು ಬದಲಾಯಿತು, ಅಷ್ಟೆ. ಪಂಪಾ ಸೆರಗು ಹೊದ್ದುಕೊಂಡು, “ಇವತ್ತು ಬ್ಯಾಡ ಅಕ್ಕ, ಮೈಯಾಗ ಹುಷಾರಿಲ್ಲ,” ಎಂದು ಹೊರಟುಹೋದಳು.

ಆಮೇಲೆ ವಾರವಾರವೂ ಬರುತ್ತಿದ್ದಳು, ವಾರವಾರವೂ ಒಂದು ನೆವ. ಇವತ್ತು ಅಮಾವಾಸ್ಯೆ. ಇವತ್ತು ಮಂಗಳವಾರ. ಇವತ್ತು ಬೆಕ್ಕು ಅಡ್ಡ ಬಂತು. ಒಂದು ಕಾಲಕ್ಕೆ ಅತ್ತೆಯ ಬಾಯಲ್ಲಿದ್ದ ಮಾತುಗಳೆಲ್ಲ ಇವಳ ಬಾಯಿಗೆ ಬಂದಿದ್ದವು. ಬಂದವಳು ಗೋಡೆಯ ಮುಂದೆ ಕೂತು, ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದು, ಒಂದೊಂದು ಸಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಏನೋ ಪಿಸುಗುಟ್ಟಿ ಹೋಗುತ್ತಿದ್ದಳು.

ಒಂದು ದಿನ ರಾಮಾಂಜನಿ ಒಬ್ಬನೇ ಬಂದು ನನ್ನ ಪ್ರಯೋಗಾಲಯದ ಬಾಗಿಲಲ್ಲಿ ನಿಂತ.

“ಅಕ್ಕಾರ, ಒಂದು ಮಾತು. ಆಕಿಗೆ ಹೇಳಬ್ಯಾಡ್ರಿ. ಶಕ್ತಿ ಸೂಜಿ ಅಂತಂದು ಚುಚ್ಚಿಬಿಡ್ರಿ. ನಿಮ್ಮ ಕೈ ಮುಗೀತೀನಿ. ದಿನಾ ರೊಟ್ಟಿ ಬಡೀತಾ ಅದರ ಕೂಡ ಮಾತಾಡ್ತಾಳ್ರಿ. ನನಗ ನೋಡಾಕಾಗಂಗಿಲ್ಲ.”

“ಅವತ್ತು ಆಷಾಢದಾಗ ಈ ಧೈರ್ಯ ಎಲ್ಲಿಟ್ಟಿದ್ರಿ?” ಎಂದೆ. ಅವನು ತಲೆ ತಗ್ಗಿಸಿದ. ಆಡಬಾರದಿತ್ತು, ಆದರೂ ಆಡಿದೆ. “ಆಕಿ ಹೊಟ್ಟಿದು ಹೊತ್ತು ನೀವೆಲ್ಲ ಕೂಡಿ ಗೊತ್ತು ಮಾಡಿದ್ರಿ. ಈಗ ಮತ್ತ ಕದ್ದು ನಾನೂ ಗೊತ್ತು ಮಾಡ್ಲೇನು? ನನ್ನ ಕೈಲಾಗಂಗಿಲ್ಲ.”

ಅವನು ಹೋದ ಮೇಲೆ ಫ್ರಿಜ್ಜು ತೆರೆದು ಆ ಸೂಜಿಯನ್ನು ನೋಡುತ್ತ ನಿಂತೆ. ಚುಚ್ಚಿಬಿಡಬಹುದಿತ್ತು. ನನ್ನನ್ನು ನಂಬಿ ತೋಳು ಕೊಡುತ್ತಿದ್ದಳು. ಅವಳು ನಂಬುತ್ತಾಳೆಂದೇ ಆಗಲಿಲ್ಲ.

ಹುಲಿಗೆಮ್ಮ ಮಳೆಗಾಲದ ಹೊತ್ತಿಗೆ ಹಾಸಿಗೆ ಹಿಡಿದರು. ಕಿಡ್ನಿ ಹೋಗಿತ್ತು. ನೋಡಲು ಹೋದಾಗ ಸೊಸೆಯ ಕೈ ಹಿಡಿದುಕೊಂಡೇ ಮಲಗಿದ್ದರು. ಮುಖ ಊದಿಕೊಂಡಿತ್ತು, ಮಾತು ಸಣ್ಣಗಾಗಿತ್ತು.

“ನಾ ಕಾಯಸಿದೆ, ಭುವನಮ್ಮ. ನನ್ನ ಅಂಜಿಕಿಗೆ ಈಕಿನ್ನ ಕಾಯಸಿದೆ,” ಎಂದರು. ಆಮೇಲೆ ಪಂಪಾಳ ಕಡೆ ತಿರುಗಿ, “ಕೇಳು, ನನ್ನವ್ವ. ನಾ ಸತ್ರ ಸೂತಕ ಹಿಡೀಬ್ಯಾಡ. ನನ್ನ ಹೆಣ ಮನ್ಯಾಗಿದ್ರೂ ಚಿಂತಿಲ್ಲ, ಹೋಗಿ ಸೂಜಿ ಹಾಕಿಸ್ಕೊ. ಸಾಯೋ ಮುದುಕಿ ಮಾತು, ಇಲ್ಲ ಅನಬ್ಯಾಡ,” ಎಂದರು.

ಪಂಪಾ ಅಳುತ್ತ, “ಹ್ಞೂಂ ಅತ್ತಿ,” ಎಂದಳು. ರಾಮಾಂಜನಿಯೂ ಕೇಳಿಸಿಕೊಂಡ, ನಾನೂ ಕೇಳಿಸಿಕೊಂಡೆ. ಅವತ್ತು ನನಗೆ ಎಷ್ಟೋ ದಿನದ ಮೇಲೆ ಆಸೆ ಹುಟ್ಟಿತು.

ಹುಲಿಗೆಮ್ಮ ಆ ಭಾನುವಾರ ಹೋದರು. ಮಣ್ಣು ಮಾಡಿದ ಮಾರನೆಯ ದಿನ ಬೆಳಿಗ್ಗೆ ಪಂಪಾ ಆಸ್ಪತ್ರೆಗೆ ಬಂದಳು. ಎಣ್ಣೆ ಕಾಣದ ತಲೆ, ಹಣೆಯಲ್ಲಿ ಕುಂಕುಮವಿಲ್ಲ, ಮುದುಡಿದ ಸೀರೆ. ರಾಮಾಂಜನಿ ಕೇಶ ತೆಗೆಸಿದ ತಲೆಯ ಮೇಲೆ ಟವೆಲು ಹೊದ್ದುಕೊಂಡು ಹಿಂದೆಯೇ ಬಂದ. ಡಾಕ್ಟರ್ ಫರ್ಹಾನಾ ಅವಳ ನಾಡಿ, ರಕ್ತದೊತ್ತಡ ನೋಡಿ, “ಈಗ ಹತ್ತರಾಗ ಎರಡು, ಪಂಪಾವತಿ. ಆದ್ರ ಎರಡರ ಐತಿ,” ಎಂದರು. ನಾನು ಫ್ರಿಜ್ಜಿನಿಂದ ಸೂಜಿ ತಂದೆ. ಔಷಧ ಎಳೆದು, ಗಾಳಿಯ ಗುಳ್ಳೆ ತೆಗೆದು, ಹತ್ತಿಗೆ ಸ್ಪಿರಿಟ್ ಹಚ್ಚಿದೆ.

ಪಂಪಾ ಸ್ಟೂಲಿನ ಮೇಲೆ ಕೂತು ರವಿಕೆಯ ತೋಳು ಮೇಲಕ್ಕೆತ್ತಿದಳು. ಪಟ್ಟಿ ಇದ್ದ ಜಾಗ ಇನ್ನೂ ಬೆಳ್ಳಗೇ ಇತ್ತು. ಅದರ ಮೇಲೆಯೇ ಹತ್ತಿ ಒರೆಸಿದೆ. ಅವಳು ತಲೆಯೆತ್ತಿ ಗಾಜಿನ ಆಚೆಗೆ ನಿಗಾ ಕೋಣೆಯ ಗೋಡೆಯನ್ನು ನೋಡುತ್ತಿದ್ದಳು. ಕಾಯುವವರ ಸಾಲು ಕಡಿಮೆಯಾಗಿತ್ತು. ಸೂಜಿ ಹಾಕಿಸಿಕೊಂಡವರಲ್ಲಿ ಕೆಲವರು ಅಂಟಿದವರಾಗಿದ್ದರು, ಹೆಚ್ಚಿನವರು ಇಲ್ಲದವರಾಗಿದ್ದರು.

“ಅಕ್ಕ, ಚುಚ್ಚಿದ ಮ್ಯಾಲೆ ಅದು ಅಂಟಲಿಲ್ಲ ಅಂದ್ರ?”

“ಇಲ್ಲ ಅಂತ ಬರ್ತತಿ.”

“ಚುಚ್ಚಲಿಲ್ಲ ಅಂದ್ರ?”

ನಾನು ಸುಳ್ಳು ಹೇಳಲಿಲ್ಲ. “ಈಗಿದ್ದಂಗ ಇರ್ತತಿ. ನಿನ್ನ ಮೈಯಾಗ ಶಕ್ತಿ ಇರೋ ತನ.”

ಅವಳು ಗೋಡೆಯ ಮೇಲಿನ ತನ್ನ ಚೌಕವನ್ನು ಇನ್ನೊಮ್ಮೆ ಓದಿಕೊಂಡಳು: ‘ಕಾಯುತ್ತಿದೆ’. ಆಮೇಲೆ ರವಿಕೆಯ ತೋಳನ್ನು ಕೆಳಕ್ಕೆಳೆದು, ಮಡಿಕೆ ಸರಿಮಾಡಿಕೊಂಡು ಎದ್ದು ನಿಂತಳು. ರಾಮಾಂಜನಿ, “ಪಂಪಾ, ಅವ್ವ ಏನು ಹೇಳಿ ಹೋದ್ಲು?” ಎಂದು ಕೂಗಿದ. ಅವಳು ಗಂಡನ ಕಡೆ ನೋಡಲಿಲ್ಲ, ನನ್ನನ್ನು ನೋಡಿದಳು. ಅವಳ ಮುಖದಲ್ಲಿ ದುಃಖವಿರಲಿಲ್ಲ, ಅಂಜಿಕೆಯೂ ಇರಲಿಲ್ಲ. ಮಲಗಿದ ಕೂಸಿನ ಹತ್ತಿರ ಯಾರೋ ಜೋರಾಗಿ ಮಾತಾಡಿದಾಗ ತಾಯಿ ನೋಡುವ ನೋಟವಿತ್ತು.

“ಇವತ್ತು ಬ್ಯಾಡ ಅಕ್ಕ,” ಎಂದಳು. “ಅದರ ಅಜ್ಜಿ ತೀರಿಹೋಗ್ಯಾಳಲ್ಲ. ಅದಕ್ಕೂ ಸೂತಕ ಐತಿ.”